ಮೋಡವಿಲ್ಲದ ದಿನದ ಸುದ್ದಿ

ಮಾರ್ಚ್ 4, ಸೋಮವಾರ

ಪ್ರೀತಿಯ ಗುಬ್ಬಿಗೆ,

ಇವತ್ತು ನನ್ನ ವಾರದ ಉಪವಾಸ. ಬೆಳಿಗ್ಗೆ ಎದ್ದು ಬಾಗಿಲ ಮುಂದೆ ಗುಡಿಸಿ, ನೀರು ಹೊಡೆದು, ನಲ್ಲಿಯಲ್ಲಿ ನಾಲ್ಕು ಕೊಡ ಹಿಡಿದು, ಅಮ್ಮನ ಮೈ ಒರೆಸಿ, ಹಾಸಿಗೆ ಬಟ್ಟೆ ಬದಲಿಸಿ, ತಲೆ ಬಾಚಿದೆ. ದೇವರ ಮುಂದೆ ದೀಪ ಹಚ್ಚಿ ಈಗ ಕೂತಿದ್ದೇನೆ. ಕಾರ್ಖಾನೆಯ ಸೈರನ್ ಕೂಗುವುದಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ.

ಆರು ತಿಂಗಳ ಮೇಲೆ ನಿನ್ನ ಪತ್ರ ಬಂತು. ಮೂರು ಹಾಳೆ. ಮೊದಲ ಸಾಲಿನಲ್ಲಿ ಅಮ್ಮ ಹೇಗಿದ್ದಾಳೆ ಅಂತ ಕೇಳಿದ್ದೀಯ. ಉಳಿದಿದ್ದೆಲ್ಲ ಮಾತುಗಳ ವಿಚಾರ. ನಿಮ್ಮ ನಿಘಂಟು ಕಚೇರಿಯಲ್ಲಿ ಮಣ್ಣಿನ ವಾಸನೆಗೆ, ಮಳೆಯ ವಾಸನೆಗೆ ಜನ ಏನೇನು ಅನ್ನುತ್ತಾರೆ ಅಂತ ಚೀಟಿ ಬರೆಯುತ್ತಿದ್ದೀರಿ, ಹೆಂಚಿನ ಕಾರ್ಖಾನೆಯಲ್ಲಿ ಅಮ್ಮನ ಬಾಯಲ್ಲಿ ಬರುತ್ತಿದ್ದ ಮಾತುಗಳು ಬೇಕು ಅಂದಿದ್ದೀಯ. ಓದಿ ನಗು ಬಂತು. ಆ ಮಣ್ಣು ತುಳಿದೇ ನಿನ್ನನ್ನು ಓದಿಸಿದ್ದು. ಈಗ ಅದರ ವಾಸನೆಯನ್ನೂ ಪುಸ್ತಕಕ್ಕೆ ಕಳಿಸಬೇಕು.

ಇರಲಿ, ಬರೆಯುತ್ತೇನೆ. ಕೆರೆಯಿಂದ ಆಗತಾನೇ ತೆಗೆದು ತಂದ ಮಣ್ಣಿಗೆ ಸೊಗಡು ಇರುತ್ತದೆ ಅಂತಾಳೆ ಅಮ್ಮ. ಗೋಣಿ ಹೊದಿಸಿ ವಾರ ಇಟ್ಟರೆ ಮುಗ್ಗಲು. ನೀರು ಹೆಚ್ಚಾಗಿ ಕೆಟ್ಟರೆ ಕಮಟು. ಕಮಟು ಬಂದ ಮಣ್ಣಿನ ಹೆಂಚು ಭಟ್ಟಿಯಲ್ಲಿ ಸೀಳುತ್ತದೆ, ಅದಕ್ಕೇ ಅವಳು ಮಣ್ಣನ್ನು ಕೈಗಿಂತ ಮೊದಲು ಮೂಗಿಗೆ ಹಿಡಿಯುತ್ತಿದ್ದಳು. ಬಿಸಿಲಿಗೆ ಕಾದ ಅಂಗಳಕ್ಕೆ ನೀರು ಚಿಮುಕಿಸಿದಾಗ ಏಳುವುದು ವಾಸನೆಯೇ ಅಲ್ಲವಂತೆ, ಮಣ್ಣು ಉಸಿರು ಬಿಡುವುದಂತೆ.

ನೀನು ಮುಖ್ಯವಾಗಿ ಕೇಳಿದ್ದು ಇನ್ನೊಂದು. ಎಲ್ಲೋ ದೂರದಲ್ಲಿ ಮಳೆ ಬಿದ್ದು, ಇಲ್ಲಿ ಹನಿ ಬೀಳುವ ಮೊದಲೇ ಗಾಳಿ ತರುವ ವಾಸನೆ. ಅದು ಮೂಗಿಗೆ ಬಡಿದ ಕೂಡಲೇ ಅಮ್ಮ ಒಂದು ಮಾತು ಕೂಗುತ್ತಿದ್ದಳು, ಹೆಂಗಸರೆಲ್ಲ ಓಡಿ ಹಸಿ ಹೆಂಚುಗಳ ಮೇಲೆ ಟಾರ್ಪಾಲು ಎಳೆಯುತ್ತಿದ್ದರು. ಆ ಮಾತು ನನಗೂ ನೆನಪಿಗೆ ಬರುತ್ತಿಲ್ಲ. ಅಮ್ಮನಿಗೇ ಗೊತ್ತು. ಬಂದು ಕೇಳಿದರೆ ಹೇಳಿಯಾಳು.

ಜಾರಿ ಬಿದ್ದ ಮೇಲೆ ಅವಳು ಹಾಸಿಗೆ ಬಿಟ್ಟು ಎದ್ದಿಲ್ಲ. ಬಾಗಿಲು ಸದ್ದಾದರೆ ಸಾಕು, "ಗುಬ್ಬಿನಾ?" ಅಂತಾಳೆ. ನಾನು ಅಂದರೆ, "ನೀನಾ" ಅಂತಾಳೆ. ಆ ಎರಡು ಮಾತಿನ ನಡುವಿನ ಅಂತರ ನಿನ್ನ ನಿಘಂಟಿನಲ್ಲಿ ಇದೆಯೋ ಇಲ್ಲವೋ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಅಕ್ಕ

•

ಮಾರ್ಚ್ 13, ಬುಧವಾರ

ಅಕ್ಕಾ,

ನಿನ್ನ ಪತ್ರವನ್ನು ಸಂಪಾದಕರಿಗೆ ಓದಿ ತೋರಿಸಿದೆ. ಅಮ್ಮನ ವಿಷಯ ಬಿಟ್ಟು. "ಮುಗ್ಗಲು, ಕಮಟು ಎರಡೂ ಒಂದೇ ಅಂತ ನಾವು ಹಾಕಿದ್ದೆವಲ್ಲಮ್ಮ" ಎಂದು ಕನ್ನಡಕ ತೆಗೆದಿಟ್ಟರು. ಅವರು ತಪ್ಪು ಒಪ್ಪಿಕೊಳ್ಳುವುದು ಹೀಗೆಯೇ.

ನಮ್ಮಲ್ಲಿ ಒಂದೊಂದು ಮಾತಿಗೂ ಒಂದೊಂದು ಚೀಟಿ. ಮೇಲೆ ಮಾತು, ಕೆಳಗೆ ಅರ್ಥ, ಅದರ ಕೆಳಗೆ ಜನ ಅದನ್ನು ಬಳಸಿ ಆಡಿದ ಒಂದು ವಾಕ್ಯ. ಕೊನೆಯಲ್ಲಿ "ಹೇಳಿದವರು" ಎಂದು ಒಂದು ಸಾಲು ಇರುತ್ತದೆ. ಅಲ್ಲಿ ಅವರ ವಯಸ್ಸು, ಕಸುಬು ಬರೆಯಬೇಕು. ದಯವಿಟ್ಟು ಅಮ್ಮನ ವಯಸ್ಸು ಎಷ್ಟೆಂದು ಸರಿಯಾಗಿ ತಿಳಿಸು.

'ಮ' ಅಚ್ಚಾಗಿಹೋಗಿದೆ. 'ಮಣ್ಣು' ಎಂಬಲ್ಲಿ ನನಗೆ ಏನನ್ನೂ ಸೇರಿಸಲು ಆಗಲಿಲ್ಲ. ಉಳಿದಿರುವುದು ಶ, ಷ, ಸ, ಹ ಮಾತ್ರ. ಅಮ್ಮ ಕೂಗುತ್ತಿದ್ದ ಮಾತು ಈ ನಾಲ್ಕರಲ್ಲಿ ಒಂದರಿಂದ ಶುರುವಾದರೆ ನನ್ನ ಪುಣ್ಯ. ಹುಡುಗಿಯಾಗಿದ್ದಾಗ ದಿನಾ ಕೇಳಿದ್ದೇನೆ. ಅವಳ ದನಿ ಕಿವಿಯಲ್ಲಿದೆ, ಹೆಂಗಸರು ಓಡುವುದು ಕಣ್ಣಲ್ಲಿದೆ, ಮಾತು ಮಾತ್ರ ಇಲ್ಲ. ಇದಕ್ಕಿಂತ ನಾಚಿಕೆ ಬೇರೆ ಬೇಕೇ.

ಏಪ್ರಿಲ್ ಇಪ್ಪತ್ತಕ್ಕೆ ಕರಡು ಅಚ್ಚಿನ ಮನೆಗೆ ಹೋಗಬೇಕು. ಅದು ಮುಗಿದ ತಕ್ಷಣ ಬರುತ್ತೇನೆ. ಅಷ್ಟರೊಳಗೆ ಅಮ್ಮನನ್ನು ಇನ್ನೊಮ್ಮೆ ಕೇಳಿ ನೋಡು. ನನ್ನ ಹೆಸರು ಹೇಳಿಯೇ ಕೇಳು.

ಗುಬ್ಬಿ

•

ಮಾರ್ಚ್ 18, ಸೋಮವಾರ

ಗುಬ್ಬಿಗೆ,

ಹೆತ್ತ ತಾಯಿಯ ವಯಸ್ಸನ್ನು ಅಕ್ಕನಿಂದ ಕೇಳಿ ತಿಳಿಯುವ ಕಾಲ ಬಂತು. ಎಪ್ಪತ್ತಾರು. ಕಸುಬು ಏನಂತ ನಿನಗೆ ಗೊತ್ತೇ ಇದೆ, ಬರೆಯಲು ಕೈ ಬಂದರೆ ಬರಿ.

ಹೋದ ಗುರುವಾರ ಇಲ್ಲಿ ಒಂದು ಅಕಾಲ ಮಳೆ ಸುರಿದು ಹೋಯಿತು. ಅಂಗಳದಲ್ಲಿ ಒಣಗಲು ಇಟ್ಟಿದ್ದ ಹೆಂಚೆಲ್ಲ ಕರಗಿ ಮುದ್ದೆಯಾದವು. ಮೇಸ್ತ್ರಿ ರೇಡಿಯೋ ನಂಬಿ ಕೂತಿದ್ದ. ಈಗ ಬೆರಳಿಗೆ ಎಂಜಲು ಹಚ್ಚಿ ಗಾಳಿಗೆ ಹಿಡಿಯುತ್ತಾ ಓಡಾಡುತ್ತಾನೆ. ನನ್ನನ್ನು ನೋಡಿ, "ನಿಮ್ಮಮ್ಮನ ಮೂಗು ನಿನಗೆ ಬರ್ಲಿಲ್ವಲ್ಲಮ್ಮ" ಅಂದ. "ಬಾಯಿ ಬಂದಿದೆ, ಬೇಕಾ?" ಅಂದೆ.

ಆದರೆ ನಿಜ ಹೇಳುತ್ತೇನೆ, ಅವತ್ತು ಬೆಳಿಗ್ಗೆಯೇ ಅಮ್ಮ ಹಾಸಿಗೆಯಿಂದ ತಲೆ ಎತ್ತಿ, "ಟಾರ್ಪಾಲು ಎಳೀರಿ" ಅಂದಿದ್ದಳು. ಕನಸಿನ ಮಾತು ಅಂದುಕೊಂಡು ನಾನು ಹೊದಿಕೆ ಸರಿಮಾಡಿ ಹೋದೆ. ಸಂಜೆ ವಿಷಯ ತಿಳಿದು, "ಮೂಗು ಮಲಗಿಲ್ಲ ಕಣೇ, ನಾನು ಮಲಗಿರೋದು" ಅಂದಳು.

ನೀನು ಕೇಳಿದ ಮಾತನ್ನು ಕೇಳಿದೆ. ನೆನಪಿಲ್ಲ ಅಂದಳು. ಎದುರಿಗೆ ಕೂತು ನೀನು ಕೇಳಿದರೆ ನೆನಪಾಗಬಹುದು. ಇಪ್ಪತ್ತನೇ ತಾರೀಕು ಅಚ್ಚಿನ ಮನೆಗೆ ಗೊತ್ತು, ಮನುಷ್ಯರ ದೇಹಕ್ಕೆ ಗೊತ್ತಿಲ್ಲ.

ಅಕ್ಕ

•

ಮಾರ್ಚ್ 26, ಮಂಗಳವಾರ

ಅಕ್ಕಾ,

ನಾನು ಬರುವುದಿಲ್ಲ ಎಂದು ಹೇಳಿಲ್ಲ. ಇಪ್ಪತ್ತರ ನಂತರ ಎಂದೆ. ನನ್ನ ಕೈಗೆ ಸ, ಹ ಎರಡನ್ನೂ ಕೊಟ್ಟಿದ್ದಾರೆ. ಮೇಜಿನ ಮೇಲೆ ಚೀಟಿಯ ಪೆಟ್ಟಿಗೆಗಳು ನನ್ನ ತಲೆಗಿಂತ ಎತ್ತರ ನಿಂತಿವೆ.

ಒಂದು ವಿಷಯ ಕೇಳಬೇಕು. ನಾನು ಅವಳ ಮಾತುಗಳನ್ನು ಕೇಳುತ್ತಿದ್ದೇನೆ ಎಂದು ನೀನು ಹೇಳಿದಾಗ ಅಮ್ಮನ ಮುಖ ಹೇಗಿತ್ತು? ಬಹಳ ಹಿಂದೆ ಒಮ್ಮೆ ಅವಳು ಹೆಂಚಿನ ಲಾರಿಯಲ್ಲಿ ಕೂತು ಇಲ್ಲಿಗೆ, ನನ್ನ ಕಚೇರಿಗೆ ಬಂದಿದ್ದಳು. ಆ ದಿನದ ಬಗ್ಗೆ ನಿನ್ನ ಹತ್ತಿರ ಏನಾದರೂ ಹೇಳಿದ್ದಳಾ?

ಏನೂ ಇಲ್ಲ, ಸುಮ್ಮನೆ ಕೇಳಿದೆ.

ಗುಬ್ಬಿ

•

ಏಪ್ರಿಲ್ 8, ಸೋಮವಾರ

ಗುಬ್ಬಿಗೆ,

ಇವತ್ತೂ ಉಪವಾಸ. ಗುಡಿಸಿ ಸಾರಿಸಿ, ಅಮ್ಮನನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ ಬರೆಯುತ್ತಿದ್ದೇನೆ. ಹೆಚ್ಚು ಹೊತ್ತಿಲ್ಲ.

ನೀನು ಕೇಳಿದ ದಿನದ ಬಗ್ಗೆ ಹೇಳಿದ್ದಳು. ಕಚೇರಿ ಮುಚ್ಚಿತ್ತು, ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಅದೇ ಲಾರಿಯಲ್ಲಿ ವಾಪಸು ಬಂದೆ ಅಂದಿದ್ದಳು. ಮತ್ತೆ ಆ ಕಡೆ ಹೋಗುವ ಮಾತು ಎತ್ತಲಿಲ್ಲ, ಅಷ್ಟೆ.

ಇನ್ನು ನಿನ್ನ ಮಾತು. ಇವತ್ತು ಬೆಳಿಗ್ಗೆ ಅಮ್ಮನೇ ಅಂದಳು. "ಸುದ್ದಿ ಬಂತು" ಅಂತ. ಗಾಳಿ ತರುವ ಆ ವಾಸನೆಗೆ ಅವಳು ಅನ್ನುತ್ತಿದ್ದುದು ಅದೇ, ಸುದ್ದಿ. ಚಿಕ್ಕವಳಿಗೆ ಬರಿ ಅಂದಳು. ಬರೆದಿದ್ದೇನೆ.

ಅಕ್ಕ

•

ಏಪ್ರಿಲ್ 12, ಶುಕ್ರವಾರ

ಅಕ್ಕಾ,

ಸುದ್ದಿ. ಸುದ್ದಿ. ಇದನ್ನು ಮರೆಯಲು ನನ್ನಿಂದ ಹೇಗಾಯಿತು. ನಿನ್ನ ಪತ್ರ ಒಡೆದು ಕೂತಲ್ಲೇ ಆ ಮಾತನ್ನು ಜೋರಾಗಿ ಹೇಳಿಬಿಟ್ಟೆ. ಪಕ್ಕದ ಮೇಜಿನವರು "ಯಾವ ಸುದ್ದಿ?" ಎಂದರು. ಮಳೆಯ ಸುದ್ದಿ ಎಂದೆ. ಕಿಟಕಿಯಿಂದ ಆಕಾಶ ನೋಡಿ ನನ್ನನ್ನು ನೋಡಿದರು.

'ಸ'ಕಾರವೇ ಬಂತು ನೋಡು. ಸಂಪಾದಕರು ಓದಿ, "ನಾಲ್ಕು ಅರ್ಥ ಹಾಕಿದ್ದೆವು, ಇದು ಐದನೆಯದು. ಇದಕ್ಕಾಗಿ ಒಂದು ಪುಟ ಕದಲಿದರೂ ಕದಲಲಿ" ಎಂದರು. ಅಮ್ಮ ಇಷ್ಟು ವರ್ಷದ ಮೇಲೆ ಆ ಮಾತನ್ನು ನನಗಾಗಿ ನೆನಪಿಸಿಕೊಂಡಳಲ್ಲ, ಅದೇ ನನಗೆ ಸಾಕು. ಅಂದರೆ ಅಲ್ಲಿ ಆಗಲೇ ಮಳೆಯ ಗಾಳಿ ಎದ್ದಿದೆ. ಕಿಟಕಿ ತೆರೆದಿಡು, ಅವಳಿಗೆ ಇಷ್ಟ.

ಚೀಟಿಯನ್ನು ನಾನೇ ಬರೆದೆ. ನಕಲು ಇಲ್ಲಿದೆ, ಅಮ್ಮನಿಗೆ ಓದಿ ಹೇಳು. ಕೊನೆಯ ಸಾಲನ್ನು ಎರಡು ಸಲ ಓದು.

*ಸುದ್ದಿ: ದೂರದಲ್ಲಿ ಬಿದ್ದ ಮಳೆಗೆ ನೆನೆದ ಮಣ್ಣಿನ ವಾಸನೆ; ಮಳೆಗಿಂತ ಮೊದಲು ಗಾಳಿಯಲ್ಲಿ ಬರುವುದು. ಬಳಕೆ: "ಸುದ್ದಿ ಬಂತು, ಟಾರ್ಪಾಲು ಎಳೀರಿ." ಹೇಳಿದವರು: ನನ್ನ ತಾಯಿ, 76, ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವ ಕೆಲಸ.*

ಇಪ್ಪತ್ತಕ್ಕೆ ಕರಡು ಕೊಟ್ಟು ಇಪ್ಪತ್ತೊಂದಕ್ಕೆ ಹೊರಡುತ್ತೇನೆ. ಅವಳ ಹತ್ತಿರ ಹೇಳಬೇಕಾದ್ದು ಒಂದಿದೆ.

ಗುಬ್ಬಿ

•

ಏಪ್ರಿಲ್ 24, ಬುಧವಾರ

ಅಕ್ಕಾ,

ಸುಖವಾಗಿ ಬಂದು ತಲುಪಿದೆ.

ಅಮ್ಮ ಹೋದ ಮರುದಿನ, ಶನಿವಾರ, ಕಚೇರಿಗೆ ರಜೆ ಇತ್ತು. ನಿಮ್ಮ ಕಾರ್ಖಾನೆಯಿಂದ ಬಂದ ಫೋನು ಖಾಲಿ ಕೋಣೆಯಲ್ಲಿ ಹೊಡೆದುಕೊಂಡಿತು. ಸೋಮವಾರ ತಿಳಿಯಿತು, ಮಂಗಳವಾರ ಬಂದೆ. ಅಷ್ಟರಲ್ಲಿ ಅವಳ ಹಾಸಿಗೆಯನ್ನು ಸುತ್ತಿ ಇಟ್ಟಿದ್ದೆ ನೀನು. ನಿನ್ನದು ತಪ್ಪೆನ್ನುತ್ತಿಲ್ಲ.

ಅಲ್ಲಿ ನಾನು ಮಾತಾಡದೆ ಬಂದೆ. ಇಲ್ಲಿ ಬರೆಯುತ್ತೇನೆ. ಕಚೇರಿ ಮುಚ್ಚಿರಲಿಲ್ಲ ಅಕ್ಕಾ. ಅಮ್ಮ ಬಂದ ದಿನ ಕಚೇರಿ ತೆರೆದಿತ್ತು. ನಾನು ಸೇರಿ ಎರಡು ತಿಂಗಳಾಗಿತ್ತು. ಲಾರಿಯಿಂದ ಇಳಿದವಳು ಕಾಲೆಲ್ಲ ಮಣ್ಣು, ಸೀರೆ ಅಂಚೆಲ್ಲ ಮಣ್ಣು, ಹಾಗೇ ಹಜಾರಕ್ಕೆ ಬಂದುಬಿಟ್ಟಳು. ನಾನು ಅಡ್ಡ ಹೋಗಿ, "ಮಣ್ಣಿನ ವಾಸನೆ ಬರ್ತಿದೆ, ಒಳಗೆ ಬರಬೇಡ" ಅಂದೆ. ಅವಳು ತನ್ನ ಅಂಗೈ ಮೂಸಿ ನೋಡಿಕೊಂಡಳು. "ಹೌದಲ್ವಾ" ಅಂದಳು. ಮೆಟ್ಟಿಲ ಮೇಲೆ ಹೋಗಿ ಕೂತಳು. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಇರಲಿಲ್ಲ.

'ಮಣ್ಣು' ಚೀಟಿ ನನ್ನ ಪಾಲಿಗೆ ಬಂದಾಗ 'ವಾಸನೆ' ಎಂಬಲ್ಲಿ ಪೆನ್ನು ನಿಂತಿತು. ಆಗ ನಿನಗೆ ಬರೆದೆ. ಅವಳ ಮಾತನ್ನು ಪುಸ್ತಕದಲ್ಲಿ ಹಾಕಿ, ಕೆಳಗೆ ನನ್ನ ತಾಯಿ ಅಂತ ಬರೆದು, ಅದನ್ನು ತಂದು ಅವಳ ಮುಂದಿಟ್ಟರೆ ಬೇರೆ ಏನೂ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ. ಹೇಡಿಗಳ ದಾರಿ ಹೀಗೇ ಸುತ್ತುಬಳಸು.

ಈಗ ನೀನು ಹೇಳು. ಬರುವಾಗ ನಿಮ್ಮ ಮೇಸ್ತ್ರಿ ಬಸ್ಸಿನ ತನಕ ಬಂದಿದ್ದರು. ಎಂಟನೇ ತಾರೀಕು ಮಳೆಯ ಗಾಳಿ ಎದ್ದಿತ್ತಾ ಎಂದು ಕೇಳಿದೆ. "ಎಲ್ಲಿ ಗಾಳಿಯಮ್ಮ, ಆ ವಾರವೆಲ್ಲ ಆಕಾಶ ತೊಳೆದಿಟ್ಟ ಹಾಗಿತ್ತು, ಒಂದು ಚೂರು ಮೋಡ ಇಲ್ಲ" ಎಂದರು. ಅಮ್ಮನ ಮೂಗು ತಪ್ಪು ಹೇಳಿದ್ದು ನಾನು ಕಾಣೆ. ಹಾಗಾದರೆ ಅವಳು ಅಂದಿದ್ದು "ಸುದ್ದಿ ಬಂತು" ಅಷ್ಟೇನಾ?

ಪೂರ್ತಿ ಬರಿ. ಒಂದು ಮಾತನ್ನೂ ಬದಲಿಸದೆ ಬರಿ.

ಗುಬ್ಬಿ

•

ಮೇ 6, ಸೋಮವಾರ

ಗುಬ್ಬಿಗೆ,

ಇವತ್ತು ಉಪವಾಸ ಬಿಟ್ಟು ಬರೆಯುತ್ತಿದ್ದೇನೆ. ಬೆಳಿಗ್ಗೆ ಎದ್ದು ಮೊದಲು ಒಂದು ತುತ್ತು ತಿಂದೆ, ಆಮೇಲೆ ಹಾಳೆ ತೆಗೆದೆ. ಯಾಕೆ ಅಂತ ಓದುತ್ತಾ ಹೋದರೆ ತಿಳಿಯುತ್ತದೆ. ದೇವರ ಹತ್ತಿರ ಮೊದಲೇ ಹೇಳಿಕೊಂಡಿದ್ದೇನೆ.

ಆ ಮಾತು ನನಗೆ ಯಾವತ್ತೂ ಮರೆತಿರಲಿಲ್ಲ. ಮೂವತ್ತೈದು ವರ್ಷ ಆ ಕೂಗಿಗೆ ಟಾರ್ಪಾಲು ಎಳೆದವಳು ನಾನು, ಮರೆಯುತ್ತೇನಾ. ಅಕಾಲ ಮಳೆ ಬಂದ ದಿನವೂ ಅವಳು ಅಂದಿದ್ದು "ಸುದ್ದಿ ಬಂತು, ಟಾರ್ಪಾಲು ಎಳೀರಿ" ಅಂತಲೇ. ಮೊದಲಿನದನ್ನು ಬಿಟ್ಟು ನಿನಗೆ ಬರೆದೆ. ಅಮ್ಮನನ್ನು ಕೇಳಿದೆ, ನೆನಪಿಲ್ಲ ಅಂದಳು ಅಂತ ಬರೆದೆನಲ್ಲ, ನಾನು ಕೇಳಿಯೇ ಇರಲಿಲ್ಲ. ನಿನಗೆ ಬೇಕಾಗಿದ್ದು ಮಾತು, ಅಮ್ಮ ಅಲ್ಲ ಅಂತ ನನಗೆ ಸಿಟ್ಟು. ಮಾತನ್ನು ಮುಷ್ಟಿಯಲ್ಲಿ ಇಟ್ಟುಕೊಂಡರೆ ಅದಕ್ಕಾದರೂ ಬರುತ್ತಾಳೆ ಅಂದುಕೊಂಡೆ. ನೀನು ಯಾತಕ್ಕೆ ಕೇಳುತ್ತಿದ್ದೀಯ ಅಂತ ಒಂದು ಸಾಲು ಬರೆದಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆ. ನೀನೂ ಬರೆಯಲಿಲ್ಲ, ನಾನೂ ಕೇಳಲಿಲ್ಲ.

ಈಗ ಎಂಟನೇ ತಾರೀಕಿನದು.

ಹಿಂದಿನ ದಿನ ಸಂಜೆ ಅಮ್ಮ, "ಒಂದು ಹಸಿ ಹೆಂಚು ತಗೊಂಡ್ಬಾ" ಅಂದಳು. ಮೇಸ್ತ್ರಿಯನ್ನು ಕೇಳಿ ಸೆರಗಿನಲ್ಲಿ ಮುಚ್ಚಿ ತಂದೆ. ಬೆಳಿಗ್ಗೆ ಮೈ ಒರೆಸಿ ದಿಂಬಿಗೆ ಒರಗಿಸಿ ಕೂರಿಸಿದ ಮೇಲೆ ಅದನ್ನು ಎದೆಯ ಮೇಲಿಟ್ಟುಕೊಂಡು ಮೂಸಿದಳು, ಅಂಚಿನಲ್ಲಿ ಹೆಬ್ಬೆರಳು ಒತ್ತಿದಳು. ಹದ ನೋಡುವಾಗ ಒತ್ತುತ್ತಿದ್ದಳಲ್ಲ, ಹಾಗೆ. "ಇನ್ನೂ ನಾಲ್ಕು ದಿನ ಬೇಕು" ಅಂದಳು. "ಒಣಗೋಕಾ?" ಅಂದೆ. "ಹೂಂ. ನನಗೂ ಅಷ್ಟೇ ಬೇಕು" ಅಂದಳು.

ಆಮೇಲೆ ಕಿಟಕಿ ಕಡೆ ಮುಖ ಮಾಡಿ ಅಂದಳು. ಅವಳು ಅಂದ ಹಾಗೇ ಬರೆಯುತ್ತೇನೆ.

"ಮಣ್ಣಿನ ಸುದ್ದಿ ಬಂತು ಕಣೇ. ಮಳೆದಲ್ಲ, ನಂದು. ಚಿಕ್ಕವಳಿಗೆ ಬರಿ. ಮಣ್ಣಿಗೆ ಬರೋದು ಬೇಡ, ಅದಕ್ಕೆ ಊರೆಲ್ಲ ಬರತ್ತೆ. ಮುಂಚೇನೇ ಬರ್ಲಿ. ಕಾಲು ತೊಳ್ಕೊಂಡಿದೀನಿ ಅಂತ ಹೇಳು."

ಕಾಲು ತೊಳೆದುಕೊಂಡ ಮಾತು ನನಗೆ ಅರ್ಥವಾಗಲಿಲ್ಲ. ನಾನು ಈಗತಾನೇ ಒರೆಸಿದ್ದೆನಲ್ಲ, ಅದನ್ನೇ ಹೇಳುತ್ತಿದ್ದಾಳೆ ಅಂದುಕೊಂಡೆ. ನಿನ್ನ ಹೋದ ಪತ್ರ ಓದಿದ ಮೇಲೆ ಅರ್ಥವಾಯಿತು.

ಬರೆಯಲು ಕೂತಾಗ ಮಣ್ಣು ಅನ್ನುವ ಮಾತಿಗೆ ಬಂದು ಕೈ ತಡೆಯಿತು. ಉಪವಾಸದ ದಿನ, ಜೀವ ಇರುವವರ ವಿಷಯದಲ್ಲಿ, ಅಂಥ ಮಾತು ಕಾಗದದ ಮೇಲೆ ಇಡಬಾರದು ಅನ್ನಿಸಿತು. ಬಿಟ್ಟೆ. "ಸುದ್ದಿ ಬಂತು" ಅಂತ ಮಾತ್ರ ಬರೆದೆ. ಇಷ್ಟು ದಿನ ಎಲ್ಲರ ಹತ್ತಿರವೂ, ನನ್ನ ಹತ್ತಿರವೂ, ಹಾಗೇ ಹೇಳಿಕೊಂಡು ಬಂದೆ. ಆದರೆ ಉಪವಾಸದ ಮೇಲೆ ತಪ್ಪು ಹೊರಿಸುವುದು ಸುಲಭ. ಮರುದಿನ ಉಪವಾಸ ಇರಲಿಲ್ಲ, ಅದರ ಮರುದಿನವೂ ಇರಲಿಲ್ಲ. ಕಾರ್ಖಾನೆಯ ಫೋನು ಕೈ ಚಾಚಿದರೆ ಸಿಗುತ್ತಿತ್ತು. ಮಾತು ಸಿಕ್ಕಿತಲ್ಲ, ಇನ್ನು ನೋಡೋಣ, ಅಮ್ಮನಿಗಾಗಿ ಬರುತ್ತಾಳಾ ಅಂತ ನಿನ್ನನ್ನು ಪರೀಕ್ಷೆ ಮಾಡಿದೆ. ನಾಲ್ಕೇ ದಿನ ಉಳಿದಿದ್ದವಳ ಮುಂದೆ ಕೂತು ಪರೀಕ್ಷೆ ಮಾಡಿದೆ ಗುಬ್ಬಿ. ನೀನು ಮಳೆ ಅಂದುಕೊಂಡಿದ್ದರಲ್ಲಿ ನಿನ್ನ ತಪ್ಪಿಲ್ಲ. ನಾನು ಬರೆದಿದ್ದು ಹಾಗೆ ಓದಲೆಂದೇ ಇತ್ತು.

ಶುಕ್ರವಾರ ಸಂಜೆ ಹೋದಳು. ಕಷ್ಟಪಡಲಿಲ್ಲ. ಕೊನೆಗೆ ಕಾರ್ಖಾನೆ ಬಿಟ್ಟು ಹೆಂಗಸರು ಹೋಗುವ ಸದ್ದಾಯಿತು. "ಗುಬ್ಬಿನಾ?" ಅಂದಳು. ನಾನು ಹೌದು ಅಂದೆ. ಆ ಒಂದು ಸುಳ್ಳಿಗೆ ಮಾತ್ರ ನಾನು ದೇವರ ಹತ್ತಿರ ಕ್ಷಮೆ ಕೇಳಿಲ್ಲ.

ಮಂಗಳವಾರ ನೀನು ಗೋಡೆಗೆ ಒರಗಿ ಕೂತಿದ್ದಾಗ ಅಂಚೆಯವನು ಬಂದು ನಿನ್ನದೇ ಪತ್ರವನ್ನು ನಿನ್ನ ಕೈಗೇ ಕೊಟ್ಟ. ನೀನು ಅಕ್ಷರ ನೋಡಿ, ಒಡೆಯದೆ, ಸುತ್ತಿಟ್ಟ ಹಾಸಿಗೆಯೊಳಗೆ ತುರುಕಿದೆ. ನೀನು ಹೋದ ಮೇಲೆ ತೆಗೆದು ಓದಿದೆ. ಕೊನೆಯ ಸಾಲನ್ನು ಎರಡು ಸಲ ಓದು ಅಂದಿದ್ದೀಯಲ್ಲ, ಖಾಲಿ ಮನೆಯಲ್ಲಿ ಜೋರಾಗಿ ಎರಡು ಸಲ ಓದಿದೆ. ಹೇಳಿದವರು, ನನ್ನ ತಾಯಿ. ಅಷ್ಟಾದರೂ ಮಾಡಿದೆ.

ಈ ಪತ್ರದ ಜೊತೆ ಹಳೇ ಸೀರೆ ಸುತ್ತಿ ಆ ಹೆಂಚು ಕಳಿಸುತ್ತಿದ್ದೇನೆ. ಭಟ್ಟಿಗೆ ಹಾಕಿಲ್ಲ, ಹಾಗೇ ಒಣಗಿದೆ. ಅಂಚಿನಲ್ಲಿ ಅವಳ ಹೆಬ್ಬೆರಳಿದೆ, ಗೆರೆ ಗೆರೆ ಕಾಣುತ್ತದೆ. ಒಂದು ಲೋಟ ನೀರು ಹಾಕಿದರೆ ವಾಸನೆ ಏಳುತ್ತದೆ, ನಿನಗೆ ಬೇಕಾಗಿದ್ದ ಅದೇ ವಾಸನೆ. ಆದರೆ ಬೆರಳು ಕರಗಿಹೋಗುತ್ತದೆ. ನಾನು ಎರಡು ಸಲ ಲೋಟ ಹಿಡಿದು ಎರಡು ಸಲವೂ ಕೆಳಗಿಟ್ಟೆ. ಏನು ಮಾಡಬೇಕೋ ನೀನು ಮಾಡು. ನನ್ನನ್ನು ಕೇಳಬೇಡ. ಅವಳ ವಿಷಯದಲ್ಲಿ ನಾನು ಇನ್ನು ಏನನ್ನೂ ತೀರ್ಮಾನ ಮಾಡುವುದಿಲ್ಲ.

ಅಂಚೆಗೆ ಹಾಕಿದರೆ ಒಡೆಯುತ್ತದೆ ಅಂತ ಲಾರಿ ಡ್ರೈವರ್ ಕೈಲಿ ಕೊಡುತ್ತಿದ್ದೇನೆ. ನಿಮ್ಮ ಊರಿನ ಹೆಂಚಿನ ಗೋದಾಮಿನಲ್ಲಿ ಇಡುತ್ತಾನೆ. ನಿನ್ನ ಕಚೇರಿಗೆ ಫೋನು ಮಾಡಿಸಿ ಹೇಳುತ್ತೇನೆ.

ಅಕ್ಕ

•

ಮೇ 20, ಸೋಮವಾರ

ಗುಬ್ಬಿಗೆ,

ಈ ಕಾರ್ಡನ್ನು ಅಂಚೆಯಲ್ಲೇ ಹಾಕುತ್ತಿದ್ದೇನೆ. ಉಪವಾಸ ಮತ್ತೆ ಹಿಡಿದಿದ್ದೇನೆ. ಬೆಳಿಗ್ಗೆಯ ಕೆಲಸ ಈಗ ಬೇಗ ಮುಗಿದುಬಿಡುತ್ತದೆ, ಗುಡಿಸಿ ನೀರು ತಂದರೆ ಆಯಿತು.

ಲಾರಿ ಡ್ರೈವರ್ ನಿನ್ನೆ ಬಂದಿದ್ದ. ಪತ್ರ ಸೇರಿಸಿ ಕಟ್ಟಿದ ಗಂಟು ಎರಡು ವಾರದಿಂದ ಗೋದಾಮಿನ ಮೂಲೆಯ ಹಲಗೆ ಮೇಲೆ ಹಾಗೇ ಇದೆಯಂತೆ, ಯಾರೂ ಬಂದಿಲ್ಲವಂತೆ. ಕಚೇರಿಗೆ ಎರಡು ಸಲ ಫೋನು ಮಾಡಿಸಿದೆ. ಹೇಳಿದ್ದೇವೆ ಅಂದರು. ನೀನು ಬೇಕೆಂದೇ ಹೋಗಿಲ್ಲ ಅಂತ ನನಗೆ ಅರ್ಥವಾಗುತ್ತದೆ. ನನ್ನ ಮೇಲಿನ ಸಿಟ್ಟು ಇಟ್ಟುಕೋ, ಅದಕ್ಕೆ ನಾನು ತಕ್ಕವಳೇ.

ಆದರೆ ಗೋದಾಮಿನ ಮಾಡು ಆ ಮೂಲೆಯಲ್ಲಿ ಸೋರುತ್ತದಂತೆ. ನಗಬೇಡ, ಹೆಂಚಿನ ಗೋದಾಮೇ ಸೋರುವುದು.

ಇವತ್ತು ಬಾಗಿಲ ಮುಂದೆ ಗುಡಿಸುತ್ತಿದ್ದಾಗ ಪೊರಕೆ ಕೈಯಲ್ಲೇ ನಿಂತಿತು. ಮೊದಲು ಅನುಮಾನ, ಆಮೇಲೆ ಚೆನ್ನಾಗಿ ಬಂತು. ನನ್ನ ಐವತ್ತು ವರ್ಷದ ಬಾಳಿನಲ್ಲಿ ಮೊದಲ ಸಲ ಮೂಗಿಗೆ ತಾನಾಗಿ ಬಂತು. ಕಾರ್ಖಾನೆಗೆ ಓಡಿಹೋಗಿ ಕೂಗಿದೆ. ಮೇಸ್ತ್ರಿ ಆಕಾಶ ನೋಡಲಿಲ್ಲ, ನನ್ನ ಮುಖ ನೋಡಿ ಟಾರ್ಪಾಲು ಎಳೆಸಿದ.

ಸುದ್ದಿ ಬಂದಿದೆ ಗುಬ್ಬಿ. ಈ ಸಲ ಮಳೆಯದೇ, ಬೇರೆ ಏನನ್ನೂ ಬಿಟ್ಟಿಲ್ಲ. ಗಾಳಿ ನಿಮ್ಮ ಕಡೆಗೇ ಇದೆ, ಎರಡು ಮೂರು ದಿನದಲ್ಲಿ ಅಲ್ಲಿಗೂ ತಲುಪುತ್ತದೆ. ನೀನು ಹೋಗದಿದ್ದರೆ ಬೇಡ, ಕಚೇರಿಯಿಂದ ಯಾರನ್ನಾದರೂ ಕಳಿಸಿ, ಆ ಮೂಲೆಯ ಹಲಗೆಯಿಂದ ನನ್ನ ಉತ್ತರ ತರಿಸಿಕೋ.

ಅಕ್ಕ